ತೂಕದ ಕರಾರು: ಮುಷ್ಟಿಕಾಳಗದಲ್ಲಿ ನ್ಯಾಯವೆಷ್ಟು?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ವಾಚಕರಿಗೆ ಜಾತ್ರೆಯ ಕುಸ್ತಿ ಹೊಸತಲ್ಲ. ಪೈಲ್ವಾನರು ಮಣ್ಣಿಗೆ ಇಳಿಯುವ ಮೊದಲು ಅಲ್ಲಿ ‘ಜೋಡಿ ಕಟ್ಟುವ’ ಕಾರ್ಯವೊಂದು ನಡೆಯುತ್ತದೆ. ಅನುಭವಿಗಳಾದ ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಮೈಕಟ್ಟು, ವಯಸ್ಸು, ಹಿಂದಿನ ಗೆಲುವುಗಳನ್ನೆಲ್ಲ ಗಮನಿಸಿ ‘ಈ ಜೋಡಿ ಸಮ’ ಎಂದ ಮೇಲೆಯೇ ಕುಸ್ತಿ ನಿಶ್ಚಯವಾಗುವುದು. ಮೈಸೂರಿನ ದಸರಾ ಕುಸ್ತಿಯಲ್ಲಿಯೂ ಇದೇ ಪದ್ಧತಿ, ಇದೇ ಮಾತು. ಇಲ್ಲಿ ಒಂದು ಅಂಶ ಮುಖ್ಯವಾದುದು: ಜೋಡಿಯನ್ನು ಕಟ್ಟುವವನು ಆ ಜೋಡಿಯಲ್ಲಿ ಒಬ್ಬನಲ್ಲ. ಸಮ ಯಾವುದು, ಅಸಮ ಯಾವುದು ಎಂಬ ತೀರ್ಪು ಮೂರನೆಯವನ ಕಣ್ಣಿಗೆ ಬಿಟ್ಟದ್ದು.

ಪಾಶ್ಚಾತ್ಯ ದೇಶಗಳ ವೃತ್ತಿಪರ ಮುಷ್ಟಿಕಾಳಗದಲ್ಲಿ, ಅಂದರೆ ಬಾಕ್ಸಿಂಗ್‌ನಲ್ಲಿ, ಈ ತೀರ್ಪನ್ನು ಎಷ್ಟೋ ವೇಳೆ ಸ್ಪರ್ಧಿಗಳ ಪಕ್ಷದವರೇ ಚೌಕಾಶಿ ಮಾಡಿ ಬರೆದುಕೊಳ್ಳುತ್ತಾರೆ. ಹೀಗೆ ಮಾತುಕತೆಯಿಂದ ಗೊತ್ತುಮಾಡಿದ ತೂಕಕ್ಕೆ ‘ಕ್ಯಾಚ್‌ವೇಟ್’ ಎಂದು ಹೆಸರು. ಅದು ನ್ಯಾಯವೇ, ಅನ್ಯಾಯವೇ ಎಂಬ ವಾದ ಅನೇಕ ವರ್ಷಗಳಿಂದ ನಡೆದುಬಂದಿದೆ. ಇಬ್ಬರ ಒಪ್ಪಿಗೆಯಿದ್ದ ಮಾತ್ರಕ್ಕೆ ಒಪ್ಪಂದವು ನ್ಯಾಯವಾದೀತೇ ಎಂಬ ದೊಡ್ಡ ಪ್ರಶ್ನೆ ಅದರ ಒಡಲಲ್ಲಿರುವುದರಿಂದ, ಬಾಕ್ಸಿಂಗ್ ನೋಡದವರೂ ಈ ವಾದಕ್ಕೆ ಕಿವಿಗೊಡುವುದು ಯುಕ್ತವೆಂದು ನಾವು ತಿಳಿಯುತ್ತೇವೆ.

ವರ್ಗಗಳು ಹುಟ್ಟಿದ ಬಗೆ

1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಎಂಟು ತೂಕದ ವರ್ಗಗಳನ್ನು ಖಚಿತಪಡಿಸಿತು. ಇಂದು ಪುರುಷರ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 17 ವರ್ಗಗಳನ್ನು ಎಣಿಸುತ್ತಾರೆ. ವೆಲ್ಟರ್‌ವೇಟ್ ವರ್ಗದ ಗರಿಷ್ಠ ಮಿತಿ 147 ಪೌಂಡು, ಎಂದರೆ ಸುಮಾರು 66.7 ಕಿಲೋ, ಮಿಡಲ್‌ವೇಟ್ ವರ್ಗದ್ದು 160 ಪೌಂಡು, ಎಂದರೆ 72.6 ಕಿಲೋ. ಪೆಟ್ಟಿನ ಬಲವು ಬಹುಮಟ್ಟಿಗೆ ದೇಹದ ತೂಕವನ್ನು ಅನುಸರಿಸುವುದರಿಂದ ಈ ಗೆರೆಗಳನ್ನು ಎಳೆದಿದ್ದಾರೆ. ಸ್ಪರ್ಧಿ ಯಾರೇ ಆಗಿರಲಿ, ಗೆರೆ ಎಲ್ಲರಿಗೂ ಒಂದೇ.

ಕ್ಯಾಚ್‌ವೇಟ್ ಪಂದ್ಯದಲ್ಲಿ ಈ ಗೆರೆಗಳ ನಡುವೆ ಮತ್ತೊಂದು ಹೊಸ ಗೆರೆ ಎಳೆಯಲ್ಪಡುತ್ತದೆ. ಅದು ಆ ಒಂದು ಪಂದ್ಯಕ್ಕೆ, ಆ ಇಬ್ಬರಿಗೆ ಮಾತ್ರ ಅನ್ವಯಿಸತಕ್ಕದ್ದು. ಇದರ ಪರವಾದ ವಾದವೂ ಹಗುರವಾದುದಲ್ಲ. ಬೇರೆಬೇರೆ ವರ್ಗಗಳ ಇಬ್ಬರು ಶ್ರೇಷ್ಠರು ಒಂದೇ ಕಾಲದಲ್ಲಿ ಇದ್ದಾಗ ಅವರ ಸೆಣಸನ್ನು ನೋಡಬೇಕೆಂಬ ಆಸೆ ಸಹಜ. ದೊಡ್ಡವನು ಸ್ವಲ್ಪ ಇಳಿದು, ಚಿಕ್ಕವನು ಸ್ವಲ್ಪ ಏರಿ, ನಡುದಾರಿಯಲ್ಲಿ ಸೇರಿದರೆ ಅದರಲ್ಲಿ ತಪ್ಪೇನು? ಪಣಕ್ಕೆ ಯಾವ ಪಟ್ಟವೂ ಇಲ್ಲದ, ಇಬ್ಬರೂ ಸಮನಾಗಿ ತ್ಯಾಗಮಾಡಿದ ಅಂಥ ಪಂದ್ಯವನ್ನು ನಾವೂ ಆಕ್ಷೇಪಿಸುವುದಿಲ್ಲ.

ಪಟ್ಟವನ್ನು ಪಣವಿಟ್ಟಾಗ

ತೊಡಕು ಆರಂಭವಾಗುವುದು ಒಂದು ವರ್ಗದ ಪಟ್ಟವನ್ನು ಆ ವರ್ಗದ್ದಲ್ಲದ ತೂಕದಲ್ಲಿ ಪಣಕ್ಕೆ ಇಟ್ಟಾಗ. 2009ರ ನವೆಂಬರ್ 14ರಂದು ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಫಿಲಿಪ್ಪೀನ್ಸಿನ ಮ್ಯಾನಿ ಪಕಿಯಾವೊ ಅವರು ಪೋರ್ಟೊ ರಿಕೊದ ಮಿಗೆಲ್ ಕೊಟ್ಟೊ ಅವರನ್ನು ಎದುರಿಸಿದರು. ಕೊಟ್ಟೊ ವೆಲ್ಟರ್‌ವೇಟ್ ಚಾಂಪಿಯನ್. ವರ್ಗದ ಮಿತಿ 147 ಪೌಂಡು. ಕರಾರಿನ ಮಿತಿ ಮಾತ್ರ 145. ತನ್ನ ಪಟ್ಟವನ್ನು ಕಾಯ್ದುಕೊಳ್ಳಬೇಕಾದ ಚಾಂಪಿಯನ್ನನೇ ತನ್ನ ವರ್ಗದ ಕೆಳಗೆ ಇಳಿಯಬೇಕಾಯಿತು. ಪಕಿಯಾವೊ ಹನ್ನೆರಡನೆಯ ಸುತ್ತಿನಲ್ಲಿ ಗೆದ್ದರು. ಅವರ ವೇಗವನ್ನೂ ಧೈರ್ಯವನ್ನೂ ಕಂಡವರು, ಎರಡು ಪೌಂಡು ಹೆಚ್ಚಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ ಎನ್ನಬಹುದು. ಅದು ನಿಜವಿದ್ದೀತು. ಆದರೆ ಆ ಎರಡು ಪೌಂಡುಗಳಿಗಾಗಿ ಹಟ ಹಿಡಿದುದರಿಂದ, ಗೆದ್ದವರ ಗೆಲುವಿಗೂ ಅನುಮಾನದ ಒಂದು ನೆರಳು ಅಂಟಿಕೊಂಡಿತು.

ಇದಕ್ಕೂ ವಿಚಿತ್ರವಾದುದು 1988ರ ನವೆಂಬರ್ 7ರ ಪಂದ್ಯ. ಡಾನಿ ಲಲಾಂಡ್ 175 ಪೌಂಡಿನ ಲೈಟ್ ಹೆವಿವೇಟ್ ಚಾಂಪಿಯನ್. ಅವರೆದುರು ಬಂದವರು ಕೆಳಗಿನ ವರ್ಗಗಳಲ್ಲಿ ಕೀರ್ತಿ ಗಳಿಸಿದ್ದ ಶುಗರ್ ರೇ ಲೆನಾರ್ಡ್. ಕರಾರಿನಂತೆ ತೂಕ 168 ಪೌಂಡು. ಪಣಕ್ಕೆ ಒಂದಲ್ಲ, ಎರಡು ವರ್ಗಗಳ ಪಟ್ಟ! ಲೆನಾರ್ಡ್ ನಾಲ್ಕನೆಯ ಸುತ್ತಿನಲ್ಲಿ ಒಮ್ಮೆ ನೆಲಕ್ಕುರುಳಿದರೂ ಎದ್ದು ಒಂಬತ್ತನೆಯ ಸುತ್ತಿನಲ್ಲಿ ಗೆದ್ದು, ಒಂದೇ ರಾತ್ರಿಯಲ್ಲಿ ಎರಡು ಪಟ್ಟಗಳಿಗೆ ಒಡೆಯರಾದರು. ಅವರು ಗೆದ್ದ 175 ಪೌಂಡಿನ ಪಟ್ಟಕ್ಕಾಗಿ 168ಕ್ಕಿಂತ ಹೆಚ್ಚು ತೂಗುವವನು ಯಾರೂ ಅವರೆದುರು ನಿಂತಿರಲಿಲ್ಲ.

ಕರಾರಿನ ತೂಕವೇ ಯಾವಾಗಲೂ ಗೆಲುವನ್ನು ನಿರ್ಣಯಿಸುತ್ತದೆ ಎಂದಲ್ಲ. 2004ರ ಸೆಪ್ಟೆಂಬರ್ 18ರಂದು ಮಿಡಲ್‌ವೇಟ್ ಚಾಂಪಿಯನ್ ಬರ್ನಾರ್ಡ್ ಹಾಪ್ಕಿನ್ಸ್ ಅವರು ಆಸ್ಕರ್ ಡಿ ಲಾ ಹೋಯಾ ಅವರೊಡನೆ 160ರ ಬದಲು 158 ಪೌಂಡಿನ ಮಿತಿಯಲ್ಲಿ ಹೋರಾಡಿ, ಒಂಬತ್ತನೆಯ ಸುತ್ತಿನಲ್ಲಿ ಪಕ್ಕೆಗೆ ಕೊಟ್ಟ ಒಂದೇ ಹೊಡೆತದಿಂದ ಅವರನ್ನು ಕೆಡಹಿದರು. ಆದರೆ ಅನ್ಯಾಯವಾದ ಷರತ್ತಿನ ಅಡಿಯಲ್ಲಿಯೂ ಒಬ್ಬನು ಗೆದ್ದನೆಂದರೆ ಅದು ಆತನ ಸಾಮರ್ಥ್ಯಕ್ಕೆ ಸಾಕ್ಷಿಯೇ ಹೊರತು ಷರತ್ತಿನ ನ್ಯಾಯಕ್ಕೆ ಸಾಕ್ಷಿಯಲ್ಲ.

‘ಆತನೇ ಸಹಿ ಹಾಕಿದನಲ್ಲ, ಕೈತುಂಬ ಹಣವನ್ನೂ ಪಡೆದನಲ್ಲ’ ಎನ್ನುವವರುಂಟು. ಬಾಕ್ಸಿಂಗ್‌ನಲ್ಲಿ ಯಾರ ಹೆಸರಿಗೆ ಟಿಕೆಟ್ಟು ಹೆಚ್ಚು ಮಾರುವುದೋ ಅವರ ಮಾತೇ ಕರಾರಿನಲ್ಲಿ ಮೇಲಾಗುತ್ತದೆ. ಎದುರಾಳಿಗೆ ಜೀವಮಾನದ ಗಳಿಕೆ ಆ ಒಂದೇ ರಾತ್ರಿಯಲ್ಲಿದೆ. ಬೇಡವೆಂದರೆ ಮತ್ತೊಬ್ಬನು ಬಾಗಿಲಲ್ಲಿ ನಿಂತಿದ್ದಾನೆ. ಸಾಲಗಾರನು ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಸಾಹುಕಾರನ ಬಡ್ಡಿ ನ್ಯಾಯವಾಗದೆಂಬುದನ್ನು ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ಇದೂ ಅದೇ ಜಾತಿಯ ಒಪ್ಪಿಗೆ.

ದಂಡವೇ ಬೆಲೆಯಾದಾಗ

ಕರಾರನ್ನು ಬಲ್ಲಿದರೇ ಮುರಿದರೆ ಏನಾಗುವುದೆಂಬುದಕ್ಕೆ 2009ರ ಸೆಪ್ಟೆಂಬರ್ 19ರ ಪಂದ್ಯ ನಿದರ್ಶನ. ಫ್ಲಾಯ್ಡ್ ಮೇವೆದರ್ ಮತ್ತು ಮೆಕ್ಸಿಕೋದ ಹುವಾನ್ ಮ್ಯಾನುವೆಲ್ ಮಾರ್ಕೆಸ್ ಅವರ ನಡುವೆ ಒಪ್ಪಿದ ಮಿತಿ 144 ಪೌಂಡು. ಮಾರ್ಕೆಸ್ 135 ಪೌಂಡಿನ ವರ್ಗದಿಂದ ಮೇಲೇರಿ ಬಂದವರು. ತಕ್ಕಡಿಯಲ್ಲಿ 142 ತೂಗಿದರು. ಮೇವೆದರ್ ತೂಗಿದ್ದು 146. ಹೆಚ್ಚಾದ ಪೌಂಡೊಂದಕ್ಕೆ 3 ಲಕ್ಷ ಡಾಲರಿನಂತೆ 6 ಲಕ್ಷ ಡಾಲರ್ ದಂಡ ತೆತ್ತು, ಪಂದ್ಯವನ್ನಾಡಿ, ನಿರಾಯಾಸವಾಗಿ ಗೆದ್ದರು. ಕೋಟಿಗಟ್ಟಲೆ ಗಳಿಸುವವರಿಗೆ ಅದು ಶಿಕ್ಷೆಯಲ್ಲ, ಎರಡು ಪೌಂಡು ತೂಕವನ್ನು ಕೊಂಡ ಬೆಲೆ.

ದೇಹವು ತೆರುವ ಸುಂಕ

ಇಷ್ಟೇ ಆಗಿದ್ದರೆ ಇದನ್ನು ಹಣವಂತರ ಜಗಳವೆಂದು ಕೈಬಿಡಬಹುದಿತ್ತು. ಆದರೆ ತೂಕವೆಂಬುದು ಕಾಗದದ ಮೇಲಿನ ಅಂಕೆಯಲ್ಲ. ಅದನ್ನು ದೇಹದಿಂದ ಕೀಳಬೇಕು. ತೂಕ ನೋಡುವ ದಿನ ಸಮೀಪಿಸಿದಂತೆ ಸ್ಪರ್ಧಿಗಳು ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಬಿಸಿಯ ಕೋಣೆಯಲ್ಲಿ ಕುಳಿತು ಬೆವರು ಹರಿಸುತ್ತಾರೆ. ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಒಣಗಿದ ದೇಹ ಚೇತರಿಸಿಕೊಳ್ಳಲೆಂದು 1980ರ ದಶಕದಲ್ಲಿ ಅದನ್ನು ಹಿಂದಿನ ದಿನಕ್ಕೆ ಸರಿಸುವ ರೂಢಿ ಬೆಳೆಯಿತು. ಉದ್ದೇಶ ಒಳ್ಳೆಯದು, ಪರಿಣಾಮ ವಿಪರೀತ. ಚೇತರಿಕೆಗೆ ಒಂದು ದಿನ ದೊರೆಯುವುದೆಂದು ತಿಳಿದ ಮೇಲೆ ಸ್ಪರ್ಧಿಗಳು ಇನ್ನೂ ಹೆಚ್ಚು ಇಳಿಸತೊಡಗಿದರು.

2010ರ ನವೆಂಬರ್ 13ರಂದು ಪಕಿಯಾವೊ ಹಾಗೂ ಆಂಟೋನಿಯೊ ಮಾರ್ಗರಿಟೊ ಅವರಿಗೆ ಗೊತ್ತಾದ ಮಿತಿ 150 ಪೌಂಡು. ಮಾರ್ಗರಿಟೊ ಸರಿಯಾಗಿ 150 ತೂಗಿದರು. ಮರುರಾತ್ರಿ ಕಣಕ್ಕೆ ಬಂದಾಗ ಅವರ ಅನಧಿಕೃತ ತೂಕ 165. ಪಕಿಯಾವೊ ಅವರದು 148. ಕರಾರಿನ ಸಮತೂಕ ಒಂದು ದಿನವೂ ಬಾಳಲಿಲ್ಲ. ಆದರೂ ಚಿಕ್ಕವರಾದ ಪಕಿಯಾವೊ ಗೆದ್ದರು. ಮಾರ್ಗರಿಟೊ ಅವರ ಕಣ್ಣಿನ ಗೂಡಿನ ಮೂಳೆ ಮುರಿಯಿತು.

ಎಲ್ಲರಿಗೂ ಇಂಥ ಅದೃಷ್ಟವಿರುವುದಿಲ್ಲ. 2000ದ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಜೋಯಿ ಗಮಾಶ್ ಅವರು ಆರ್ಟುರೊ ಗಟ್ಟಿ ಅವರನ್ನು ಎದುರಿಸಿದರು. ಹಿಂದಿನ ದಿನ 141 ಪೌಂಡೆಂದು ದಾಖಲಾಗಿದ್ದ ಗಟ್ಟಿ, ಪಂದ್ಯದ ರಾತ್ರಿ 160 ತೂಗಿದರೆಂದು ವರದಿಯಾಯಿತು. ಎರಡನೆಯ ಸುತ್ತಿನಲ್ಲಿ ಗಮಾಶ್ ಪ್ರಜ್ಞೆತಪ್ಪಿ ಬಿದ್ದರು; ಮಿದುಳಿಗೆ ಆದ ಗಾಯದಿಂದ ಅವರ ಆಟವೇ ಮುಗಿಯಿತು. ತೂಕ ನೋಡಿದ ಬಗೆಯನ್ನು ಪ್ರಶ್ನಿಸಿ ಅವರು ವರ್ಷಗಟ್ಟಲೆ ನ್ಯಾಯಾಲಯ ಹತ್ತಬೇಕಾಯಿತು.

ಹೊಸ ಷರತ್ತು, ಹಳೆಯ ಪ್ರಶ್ನೆ

ಇದಕ್ಕೆ ಪರಿಹಾರವೆಂಬಂತೆ ಬಂದುದು ಪಂದ್ಯದ ದಿನ ಬೆಳಗ್ಗೆ ಮತ್ತೊಮ್ಮೆ ತೂಗುವ ಷರತ್ತು. 2025ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮತ್ತು ಕೊನರ್ ಬೆನ್ ಅವರು ಸೆಣಸಿದಾಗ ಮಿತಿ 160 ಪೌಂಡು. ಮರುದಿನ ಬೆಳಗ್ಗೆ 170ನ್ನು ಮೀರಕೂಡದು. ಬೆನ್ ಎರಡು ವರ್ಗ ಕೆಳಗಿನಿಂದ ಬಂದವರಾದುದರಿಂದ ಅವರ ರಕ್ಷಣೆಗೆ ಈ ಷರತ್ತು. ಯೂಬ್ಯಾಂಕ್ 160.05 ತೂಗಿದರು. ಹೆಚ್ಚಾದುದು ಸುಮಾರು 23 ಗ್ರಾಂ, ನಮ್ಮ ಅಂಗಡಿಗಳಲ್ಲಿ ತೂಗುವಾಗ ಗಣನೆಗೇ ಬಾರದಷ್ಟು. ಅದಕ್ಕೆ ತೆತ್ತ ದಂಡ 3,75,000 ಬ್ರಿಟಿಷ್ ಪೌಂಡ್ ಹಣ. ಅವರು ಗೆದ್ದರು, ಗೆದ್ದ ಮೇಲೆ ಆಸ್ಪತ್ರೆ ಸೇರಿದರು.

ಈ ಷರತ್ತಿಗೆ ಎರಡು ಮುಖ. ಚಿಕ್ಕವನ ಮೇಲೆ ಭಾರಿ ಆಳು ಬೀಳದಂತೆ ತಡೆಯುವುದು ಒಂದು; ಒಣಗಿದ ದೊಡ್ಡವನಿಗೆ ಬೇಕಾದಷ್ಟು ಉಣ್ಣಲು, ಕುಡಿಯಲು ಬಿಡದಿರುವುದು ಇನ್ನೊಂದು. ನೀರು ಕುಂದಿದ ದೇಹದ ತಲೆಗೆ ಬೀಳುವ ಪೆಟ್ಟು ಹೆಚ್ಚು ಅಪಾಯಕರವೆಂಬುದು ವೈದ್ಯರ ಆತಂಕ. ಒಬ್ಬನ ರಕ್ಷಣೆಯನ್ನು ಇನ್ನೊಬ್ಬನ ದೇಹದ ಖರ್ಚಿನಲ್ಲಿ ಮಾಡುವುದು ರಕ್ಷಣೆಯಲ್ಲ. ತನ್ನ ವರ್ಗದಲ್ಲಿ ಇಬ್ಬರೂ ಆರೋಗ್ಯವಾಗಿ ನಿಲ್ಲಲಾರದಷ್ಟು ಅಂತರವಿದ್ದರೆ ಆ ಜೋಡಿಯನ್ನು ಕಟ್ಟಬಾರದಿತ್ತೆಂದೇ ಅರ್ಥ.

ನಮ್ಮ ದೇಶದ ಕ್ರೀಡಾಳುಗಳಿಗೆ ಚೌಕಾಶಿಯ ಈ ಸೌಕರ್ಯ ಒದಗಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳಾ ಬಾಕ್ಸಿಂಗ್‌ಗೆ ಮೂರೇ ವರ್ಗಗಳಿದ್ದುದರಿಂದ, 48 ಕಿಲೋ ವರ್ಗದ ಮೇರಿ ಕೋಮ್ ಅವರು 51 ಕಿಲೋಗೆ ಏರಿ ಕಂಚು ಗೆದ್ದರು. 2024ರ ಪ್ಯಾರಿಸ್ಸಿನಲ್ಲಿ ಕುಸ್ತಿಯ ಅಂತಿಮ ಪಂದ್ಯದ ಬೆಳಗ್ಗೆ 50 ಕಿಲೋ ಮಿತಿಗೆ 100 ಗ್ರಾಂ ಮೀರಿದರೆಂದು ವಿನೇಶ್ ಫೋಗಟ್ ಅವರು ಅನರ್ಹರಾದಾಗ ದೇಶವೇ ಮರುಗಿತು. ಆ ನಿಯಮ ಕಠೋರ. ಆದರೆ ಅದು ಎದುರಾಳಿಯ ಹಣದ ಬಲದಿಂದ ಬರೆದುದಲ್ಲ.

ನಮ್ಮ ಅಭಿಪ್ರಾಯವಿಷ್ಟು. ಪಟ್ಟ ಪಣಕ್ಕಿರುವಾಗ ವರ್ಗದ ಮಿತಿಯೇ ಮಿತಿಯಾಗಬೇಕು. ಪಟ್ಟವಿಲ್ಲದ ಪಂದ್ಯದಲ್ಲಿ ಕರಾರಿನ ತೂಕವಿರಲಿ. ಆದರೆ ಅದು ಇಬ್ಬರ ದೇಹಕ್ಕೂ ಸಲ್ಲುವುದೆಂದು ಯಾವ ಪಕ್ಷಕ್ಕೂ ಸೇರದ ವೈದ್ಯರು ವಾರಗಳ ಮೊದಲೇ ನೋಡಿ ಹೇಳಬೇಕು. ಮಿತಿ ಮೀರಿದವನ ತಪ್ಪು ಹಣದಿಂದ ತೀರಬಾರದು. ಪಂದ್ಯ ಬೇಡವೆನ್ನುವ ಹಕ್ಕು ಎದುರಾಳಿಗೆ ತನ್ನ ಗಳಿಕೆಯನ್ನು ಕಳೆದುಕೊಳ್ಳದಂತೆ ದೊರೆಯಬೇಕು.

ಕೊನೆಗೆ ನಮ್ಮ ಮನೆಗಳಿಗೆ ಒಂದು ಮಾತು. ಇಂದು ನಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಶಾಲೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಕಲಿಯುತ್ತಿದ್ದಾರೆ. ಅದು ಸಂತೋಷದ ಸಂಗತಿ. ಕೆಳಗಿನ ವರ್ಗದಲ್ಲಿ ಪದಕ ಸುಲಭವೆಂದು ಯಾರಾದರೂ ಮಗುವಿಗೆ ಊಟ ಬಿಡಿಸಿದರೆ, ನೀರು ಕುಡಿಯದಿರಲು ಹೇಳಿದರೆ, ತಂದೆತಾಯಿಗಳು ಅದನ್ನು ಶಿಸ್ತೆಂದು ತಿಳಿದು ಸುಮ್ಮನಿರಬಾರದು. ಮಗು ಹೊಟ್ಟೆತುಂಬ ಉಂಡು ತೂಗಿದ ತೂಕ ಯಾವ ವರ್ಗಕ್ಕೆ ಸೇರುವುದೋ ಅದೇ ಅದರ ವರ್ಗ. ಅಲ್ಲಿ ಸೋತು ಬಂದರೂ ಮರುದಿನ ಅಭ್ಯಾಸಕ್ಕೆ ಹೋಗುವಷ್ಟು ಶಕ್ತಿ ಮೈಯಲ್ಲಿ ಉಳಿದಿರುತ್ತದೆ.