ಪರದೆಯ ಮೇಲಿನ ಹಸಿರು ಗೆರೆ

ದೊಡ್ಡಬಳ್ಳಾಪುರದ ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದುದನ್ನು ಗಮನಿಸದಿದ್ದರೆ, ಮುಂದೆ ನೇಯ್ದ ಸೀರೆಯ ಉದ್ದಕ್ಕೂ ಗೆರೆಯೊಂದು ಉಳಿಯುತ್ತದೆ. ತಂತ್ರಾಂಶವನ್ನು ನವೀಕರಿಸಿದ ಬಳಿಕ ಕೆಲವು ಸ್ಮಾರ್ಟ್‌ಫೋನುಗಳಲ್ಲಿ ಮೂಡುವ ಹಸಿರು ಗೆರೆಯೂ ಬಹುಮಟ್ಟಿಗೆ ಇಂಥದೇ ಆಗಿದೆ.

ಓಎಲ್‌ಇಡಿ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಲಕ್ಷಾಂತರ ಬಿಂದುಗಳಿರುತ್ತವೆ. ಅವುಗಳ ಒಂದೊಂದು ಕಂಬಸಾಲಿಗೂ ಸೂಕ್ಷ್ಮವಾದ ತಂತಿಯೊಂದು ಪರದೆಯ ಅಂಚಿನಿಂದ ಸಂಜ್ಞೆಯನ್ನು ಒಯ್ಯುತ್ತದೆ. ಅಂಚಿನ ಕೂಡಿಕೆ ಸಡಿಲಿದರೆ ಆ ಸಾಲೆಲ್ಲವೂ ಅಂಕೆ ತಪ್ಪಿ ಒಂದೇ ಬಣ್ಣದಲ್ಲಿ ಬೆಳಗಬಹುದು.

ಹಾಗಾದರೆ ನವೀಕರಣದ ಪಾತ್ರವೇನು? ಆಗ ಪ್ರೊಸೆಸರು ಬಹಳ ಹೊತ್ತು ದುಡಿಯುವುದರಿಂದ ಫೋನು ಬಿಸಿಯಾಗುತ್ತದೆ. ಕಾಯ್ದಾಗ ಬೇರೆ ಬೇರೆ ಪದಾರ್ಥಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನು ನಾವು ಬಲ್ಲೆವು. ಮೊದಲೇ ದುರ್ಬಲವಾಗಿದ್ದ ಕೂಡಿಕೆ ಆಗ ಬಿಟ್ಟುಕೊಳ್ಳಬಹುದು. ಅಲ್ಲದೆ, ಲಕ್ಷಾಂತರ ಜನರು ಒಂದೇ ವಾರದಲ್ಲಿ ನವೀಕರಿಸುವಾಗ, ಹೇಗೂ ಕೆಡಲಿದ್ದ ಕೆಲವು ಪರದೆಗಳು ಅದೇ ವಾರ ಕೆಡುವುದು ಸಹಜ. ಮುಂಚೆ ನಡೆದುದೆಲ್ಲವೂ ಕಾರಣವಾಗದು.

ದೋಷವೆಲ್ಲಿದೆಯೆಂದು ಪರೀಕ್ಷಿಸುವುದು ಸುಲಭ. ಸ್ಕ್ರೀನ್‌ಶಾಟ್ ತೆಗೆದು ಬೇರೊಂದು ಫೋನಿನಲ್ಲಿ ನೋಡೋಣ. ಅಲ್ಲಿ ಗೆರೆ ಕಾಣದಿದ್ದರೆ ದೋಷವು ಬಹುತೇಕ ಪರದೆಯದೇ. ಆಗ ಹಳೆಯ ತಂತ್ರಾಂಶಕ್ಕೆ ಮರಳಿದರೂ ಫಲವಿಲ್ಲ. ಗೆರೆಗಳು ಹೆಚ್ಚಿ ಪರದೆಯೇ ಕಾಣದಂತಾಗುವ ಮೊದಲು ಟಿಪ್ಪಣಿಗಳನ್ನೂ ಚಿತ್ರಗಳನ್ನೂ ನಕಲು ಮಾಡಿಟ್ಟುಕೊಳ್ಳಬೇಕು. ಹಣ ತೆರುವ ಮುನ್ನ ತಯಾರಕರ ಖಾತರಿಯನ್ನೂ ವಿಚಾರಿಸಬೇಕು. ಒನ್‌ಪ್ಲಸ್ ಸಂಸ್ಥೆಯು 2024ರಲ್ಲಿ ಭಾರತದ ಗ್ರಾಹಕರಿಗೆ ಈ ಹಸಿರು ಗೆರೆಗೆಂದೇ ಆಜೀವ ಖಾತರಿಯನ್ನು ಘೋಷಿಸಿತ್ತು.