ಲೇಪನವೂ ಗರ್ಭವೂ

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ, ಗಬ್ಬವಾಗುವುದಕ್ಕೆ ಬಹುಕಾಲ ಮುಂಚಿನಿಂದಲೂ ‘ಎ’ ಜೀವಸತ್ವವಿಲ್ಲದ ಮೇವನ್ನೇ ತಿಂದಿದ್ದ ಹಂದಿಯೊಂದು 11 ಮರಿಗಳನ್ನೀದಾಗ, ಅವುಗಳಲ್ಲಿ ಒಂದಕ್ಕಾದರೂ ಕಣ್ಣುಗುಡ್ಡೆಗಳಿರಲಿಲ್ಲವೆಂದು ಫ್ರೆಡ್ ಹೇಲ್ ಎಂಬ ಪಶುವಿಜ್ಞಾನಿಯು 1933ರಲ್ಲಿ ಪ್ರಕಟಿಸಿದನು. ಇದಾದ ಅರ್ಧ ಶತಮಾನದ ತರುವಾಯ, ಅದೇ ಜೀವಸತ್ವದ ಕುಲಕ್ಕೆ ಸೇರಿದ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯು ಉಗ್ರವಾದ ಮೊಡವೆಗಳಿಗೆ ಮದ್ದಾಗಿ 1982ರಲ್ಲಿ ಅದೇ ದೇಶದ ಅಂಗಡಿಗಳಿಗೆ ಬಂದು, ಗರ್ಭಿಣಿಯರು ಸೇವಿಸಕೂಡದೆಂಬ ಎಚ್ಚರಿಕೆಯು ಮೊದಲಿನಿಂದಲೂ ಇದ್ದಾಗ್ಯೂ, ಮರುವರ್ಷವೇ ಅಂಗವಿಕಲ ಶಿಶುಗಳ ವಾರ್ತೆಯನ್ನು ತಂದಿತು. 1985ರಲ್ಲಿ ಎಡ್ವರ್ಡ್ ಲ್ಯಾಮರ್ ಮತ್ತು ಸಂಗಡಿಗರು ಇಂತಹ 154 ಗರ್ಭಗಳ ವೃತ್ತಾಂತವನ್ನು ಕಲೆಹಾಕಿದರು. ಕಿವಿಯೇ ಮೂಡದ ಮಕ್ಕಳು, ಹೃದಯದ ಮಹಾನಾಳಗಳು ತಪ್ಪಾಗಿ ಕೂಡಿಕೊಂಡ ಮಕ್ಕಳು, ಮಿದುಳು ಸರಿಯಾಗಿ ಬೆಳೆಯದ ಮಕ್ಕಳು. ಕೊರತೆಯಾದರೆ ಕಣ್ಣಿಲ್ಲ, ಅತಿಯಾದರೆ ಕಿವಿಯಿಲ್ಲ!

ಒಂದೇ ದ್ರವ್ಯವು ಹೀಗೆ ಕಟ್ಟುವುದಕ್ಕೂ ಕೆಡಹುವುದಕ್ಕೂ ಹೇತುವಾಗುವುದು ಮೇಲುನೋಟಕ್ಕೆ ವಿರೋಧಾಭಾಸವೆನಿಸಬಹುದು. ಜೀವಸತ್ವ ‘ಎ’ಯಿಂದ ದೇಹವು ತಾನೇ ತಯಾರಿಸಿಕೊಳ್ಳುವ ರೆಟಿನಾಯಿಕ್ ಆಮ್ಲವು ಭ್ರೂಣದಲ್ಲಿ ಆಹಾರವಾಗಿ ಅಲ್ಲ, ಆಜ್ಞೆಯಾಗಿ ವರ್ತಿಸುತ್ತದೆ. ಅದನ್ನು ಗ್ರಹಿಸುವ ಗ್ರಾಹಕವು ಜೀವಕೋಶದ ಬೀಜಕೇಂದ್ರದಲ್ಲಿಯೇ ಇದೆಯೆಂದು ಫ್ರಾನ್ಸಿನ ಪಿಯರ್ ಶಾಂಬೋನ್ ಅವರ ತಂಡವೂ ಅಮೆರಿಕದ ರೊನಾಲ್ಡ್ ಇವಾನ್ಸ್ ಅವರ ತಂಡವೂ 1987ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದವು. ಭ್ರೂಣದ ಯಾವ ಸ್ಥಾನದಲ್ಲಿ ಈ ಆಮ್ಲವು ಎಷ್ಟಿದೆಯೆಂಬ ಪ್ರಮಾಣಭೇದದಿಂದಲೇ ಅಲ್ಲಿಯ ಕೋಶಗಳು ತಾವು ಏನಾಗಬೇಕೆಂಬುದನ್ನು ಅರಿಯುತ್ತವೆ. ಹೊರಗಿನಿಂದ ಹೆಚ್ಚುವರಿ ಆಮ್ಲವು ಬಂದು ತುಂಬಿಕೊಂಡರೆ ಆ ಭೇದವೇ ಅಳಿಸಿಹೋಗುತ್ತದೆ. ಈ ರಚನಾಕಾರ್ಯವು ನಡೆಯುವುದಾದರೂ ಗರ್ಭಾಂಕುರವಾದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ. ಮುಟ್ಟು ತಪ್ಪಿತೇ ಎಂದು ಹೆಣ್ಣು ಬೆರಳು ಮಡಿಸಿ ಎಣಿಸುವ ಹೊತ್ತಿಗೆ ಅದು ಆಗಲೇ ಆರಂಭವಾಗಿರಬಹುದು.

ನುಂಗುವ ಗುಳಿಗೆಯ ಮಾತು ಹೀಗಾದರೆ, ರೆಟಿನಾಯಿಕ್ ಆಮ್ಲದ್ದೇ ಇನ್ನೊಂದು ಹೆಸರಾದ ಟ್ರೆಟಿನಾಯಿನ್ನಿನ, ಮುಖಕ್ಕೆ ಹಚ್ಚುವ ಲೇಪದ ಮಾತೇನು? ತ್ವಚೆಯ ಹೊರಪದರವು ಸತ್ತ ಕೋಶಗಳನ್ನು ಇಟ್ಟಿಗೆಯಂತೆ ಜೋಡಿಸಿ ಕೊಬ್ಬಿನ ಗಾರೆಯಿಂದ ಮೆತ್ತಿದ ತೆಳುವಾದ ಗೋಡೆ. ಸುಮಾರು 500 ಡಾಲ್ಟನ್ನಿಗಿಂತ ಭಾರವಾದ ಅಣುಗಳಿಗೆ ಆ ಗೋಡೆಯಲ್ಲಿ ದಾರಿ ದುರ್ಲಭ. ಟ್ರೆಟಿನಾಯಿನ್ ಅಣುವಿನ ತೂಕ 300 ಮಾತ್ರವಾದುದರಿಂದ ಅದು ಒಳನುಗ್ಗಬಲ್ಲುದು, ನಿಜ. ಆದರೆ ಹಚ್ಚಿದುದರಲ್ಲಿ ರಕ್ತವನ್ನು ಸೇರುವುದು ಅತ್ಯಲ್ಪ, ರಕ್ತದಲ್ಲಿ ಸಹಜವಾಗಿ ಹರಿಯುತ್ತಿರುವ ಅದೇ ಆಮ್ಲದ ಮಟ್ಟವು ಅದರಿಂದ ಗಣನೀಯವಾಗಿ ಏರುವುದಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಲೇಪವನ್ನು ಪಡೆದಿದ್ದ 215 ಸ್ತ್ರೀಯರನ್ನು, ಪಡೆಯದಿದ್ದ 430 ಸ್ತ್ರೀಯರೊಡನೆ ಹೋಲಿಸಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಲಶಿಶುಗಳ ಪ್ರಮಾಣವು ಮೊದಲ ಗುಂಪಿನಲ್ಲಿ ಶೇಕಡಾ 1.9, ಎರಡನೆಯದರಲ್ಲಿ ಶೇಕಡಾ 2.6. ಆದರೂ ವೈದ್ಯರು ಬೇಡವೆನ್ನುತ್ತಾರೆ. ಅದು ಸರಿಯೂ ಹೌದು. 215 ಎಂಬುದು ವಿರಳವಾದ ಅಪಾಯವನ್ನು ಸಂಪೂರ್ಣವಾಗಿ ಅಲ್ಲಗಳೆಯಲು ಸಾಲುವ ಸಂಖ್ಯೆಯಲ್ಲ, ಮೊಡವೆಯು ಒಂಬತ್ತು ತಿಂಗಳು ಕಾಯಲಾರದ ವ್ಯಾಧಿಯೂ ಅಲ್ಲ. ಆದರೆ ಗರ್ಭದ ಅರಿವಿಲ್ಲದೆ ನಾಲ್ಕು ದಿನ ಲೇಪ ಹಚ್ಚಿಕೊಂಡವಳನ್ನು ಗುಳಿಗೆ ನುಂಗಿದವಳ ಸಾಲಿನಲ್ಲಿ ನಿಲ್ಲಿಸಿ ಹೆದರಿಸುವವರು, ಎಚ್ಚರಿಕೆಯ ಹೆಸರಿನಲ್ಲಿ ಅನ್ಯಾಯವನ್ನೇ ಮಾಡುತ್ತಾರೆಂದು ನನ್ನ ಭಾವನೆ.

ಚರ್ಮಕ್ಕೆ ಹಚ್ಚುವ ಮಿಕ್ಕ ದ್ರವ್ಯಗಳ ವಿಚಾರ ಇಷ್ಟು ಜಟಿಲವಲ್ಲ. ಗೋಧಿ, ಬಾರ್ಲಿಗಳಲ್ಲಿಯೂ ಇರುವ ಅಜೆಲಾಯಿಕ್ ಆಮ್ಲವನ್ನು ವೈದ್ಯರು ಗರ್ಭಿಣಿಯರಿಗೆ ನಿಸ್ಸಂಕೋಚವಾಗಿ ಬರೆದುಕೊಡುತ್ತಾರೆ. ಶೇಕಡಾ ಎರಡರಷ್ಟು ಸ್ಯಾಲಿಸಿಲಿಕ್ ಆಮ್ಲವನ್ನು ಸ್ವಲ್ಪ ಜಾಗಕ್ಕೆ ಹಚ್ಚುವುದರಿಂದಲೂ ಭಯವಿಲ್ಲ. ಮೈಯ ವಿಶಾಲ ಭಾಗಕ್ಕೆ ತೀಕ್ಷ್ಣವಾಗಿ ಬಳಿಯುವುದು ಮಾತ್ರ ಸಲ್ಲದು. ಕಲೆ ತೆಗೆಯುವ ಹೈಡ್ರೊಕ್ವಿನೋನ್ ಹಚ್ಚಿದುದರಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾಗಿ ದೇಹದೊಳಕ್ಕೆ ಹೀರಲ್ಪಡುವುದರಿಂದ, ಪ್ರತ್ಯಕ್ಷವಾದ ಹಾನಿ ಕಾಣದಿದ್ದರೂ ಅದನ್ನು ದೂರವಿಡುತ್ತಾರೆ.

ಚೀಟಿಯ ಮೇಲೆ ಹೆಸರಿರುವ ದ್ರವ್ಯಗಳಿಗಿಂತ ಹೆಸರೇ ಇಲ್ಲದ ದ್ರವ್ಯವೊಂದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಬಸುರಿಯ ಕೆನ್ನೆ ಹಣೆಗಳ ಮೇಲೆ ಬಂಗು ಕಾಣಿಸಿಕೊಂಡೊಡನೆ, ಬಿಳುಪು ಮಾಡುವುದೆಂಬ ಭರವಸೆಯ ಡಬ್ಬಿಯೊಂದು ಯಾರದೋ ಕೈಯಿಂದ ಮನೆಗೆ ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕಿಣ್ವವನ್ನು ತಡೆಯುವ ಶಕ್ತಿಯಿರುವುದರಿಂದ ಪಾದರಸದ ಲವಣಗಳನ್ನು ಇಂತಹ ಲೇಪಗಳಲ್ಲಿ ಗುಟ್ಟಾಗಿ ಬೆರೆಸುವುದುಂಟು. ಆ ಪಾದರಸವು ಮೂತ್ರಪಿಂಡಗಳಲ್ಲಿ ಸಂಚಯವಾಗುತ್ತದೆ, ಎದೆಹಾಲಿಗೂ ಇಳಿಯಬಲ್ಲುದು. ನೆರೆಯ ಕೇರಳದ ಮಲಪ್ಪುರಂ ಸೀಮೆಯ ವೈದ್ಯರು ಒಂದು ಬಗೆಯ ಮೂತ್ರಪಿಂಡರೋಗದ 22 ಪ್ರಕರಣಗಳನ್ನು ಪರಿಶೀಲಿಸಿ 2024ರಲ್ಲಿ ವರದಿ ಮಾಡಿದಾಗ, ಅಪರೂಪದ ಒಂದು ಪ್ರಭೇದಕ್ಕೆ ಸೇರಿದ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಲೇಪ ಬಳಸಿದವರಾಗಿದ್ದರು. 2013ರ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದವೂ ನಮ್ಮ ದೇಶದ 2020ರ ಪ್ರಸಾಧನ ನಿಯಮಗಳೂ ಇಂತಹ ಲೇಪಗಳಲ್ಲಿ ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ಆದರೆ ವಿಳಾಸವಿಲ್ಲದ ಡಬ್ಬಿಗೆ ಯಾವ ನಿಯಮ?

ಮಗು ಬೆಳ್ಳಗಾಗಲೆಂದು ಕೇಸರಿ ಹಾಲು ಕುಡಿಸುವ ಅತ್ತೆಯಂದಿರನ್ನು ಕಂಡು ನಾವು ನಗುತ್ತೇವೆ. ವಂಶವಾಹಿಗಳು ನಿಶ್ಚಯಿಸಿದ ಬಣ್ಣವನ್ನು ಹಾಲು ಬದಲಿಸಲಾರದಾದರೂ, ಆ ಲೋಟದಲ್ಲಿ ಪಾದರಸವಂತೂ ಇರುವುದಿಲ್ಲ. ಬಂಗಾದರೋ ಗರ್ಭಕಾಲದ ಹಾರ್ಮೋನುಗಳೂ ಬಿಸಿಲೂ ಕೂಡಿ ಬರೆದ ಚಿತ್ರ. ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ತಿಳಿಯಾಗುವ ಅದಕ್ಕೆ ಅಲ್ಲಿಯವರೆಗೆ ಬೇಕಾದುದು, ಚರ್ಮದ ಮೇಲೆಯೇ ನಿಂತು ಬೆಳಕನ್ನು ತಡೆಯುವ ಸತುವಿನ ಆಕ್ಸೈಡಿನ ಲೇಪ, ಹೊರಗೆ ಹೊರಟಾಗ ಒಂದು ಕೊಡೆ, ಅದು ಮರೆತುಹೋದ ದಿನ ಹಣೆಯವರೆಗೆ ಎಳೆದುಕೊಂಡ ಸೆರಗು.