ನಿಂತ ಹೊತ್ತಿಗೂ ಬೆಲೆ ಇದೆ

"ರೇಷನ್ ಬಂದಿದೆಯಂತೆ!"

ಈ ಮಾತು ಒಂದು ಓಣಿಯಿಂದ ಇನ್ನೊಂದು ಓಣಿಗೆ ಓಡುತ್ತದೆ. ನಾವು ಕೈಯಲ್ಲಿದ್ದ ಕೆಲಸ ಬಿಡುತ್ತೇವೆ. ಚೀಲ ಹುಡುಕುತ್ತೇವೆ. ಕಾರ್ಡು ತೆಗೆದುಕೊಳ್ಳುತ್ತೇವೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನ್ಯಾಯಬೆಲೆ ಅಂಗಡಿಗೆ ಹೋಗುತ್ತೇವೆ. ಅಷ್ಟರಲ್ಲಿ ಅಲ್ಲಿ ಸಾಲು ಬೆಳೆದಿರುತ್ತದೆ. ಕೆಲವರ ಬದಲು ಅವರ ಚೀಲ ನಿಂತಿರುತ್ತದೆ. ಕೆಲವರ ಬದಲು ಒಂದು ಕಲ್ಲು. ಕೆಲವರ ಬದಲು ಒಂದು ಜೊತೆ ಚಪ್ಪಲಿ.

ಬಿಸಿಲು ಏರುತ್ತದೆ. ಮಗು ಅಳುತ್ತದೆ. ಸಾಲಿನಲ್ಲಿ ಜಗಳ ಶುರುವಾಗುತ್ತದೆ.

"ಯಾಕಕ್ಕ ನಡುವೆ ನುಗ್ತೀಯ?"

"ನಾನು ಆಗಲೇ ಬಂದು ಚೀಲ ಇಟ್ಟು ಹೋಗಿದ್ದೆ."

ಕೊನೆಗೆ ಅಕ್ಕಿ ಸಿಗುತ್ತದೆ. ಅಷ್ಟು ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ. ಅರ್ಧ ದಿನದ ಕೂಲಿ ಹೋಗಿರುತ್ತದೆ. ಅಕ್ಕಿಗೆ ನಾವು ದುಡ್ಡು ಕೊಡಲಿಲ್ಲ. ಆದರೆ ಅರ್ಧ ದಿನದ ದುಡಿಮೆ ಕೊಟ್ಟೆವು. ಹಾಗಾದರೆ ಆ ಅಕ್ಕಿ ಪುಕ್ಕಟೆಯೇ?

"ಏನು ಮಾಡೋದು, ಜನ ಜಾಸ್ತಿ" ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಸಾಲಿಗೂ ಒಂದು ಲೆಕ್ಕ ಇದೆ. ಆ ಲೆಕ್ಕ ತಿಳಿದರೆ ಸಾಲನ್ನು ಚಿಕ್ಕದು ಮಾಡಬಹುದು. ಅದೇನು ಅಂತ ನೋಡೋಣ ಬನ್ನಿ.

ಸಾಲು ಯಾಕೆ ಬೆಳೆಯುತ್ತದೆ?

ಎರಡು ಸಂಖ್ಯೆ ತಿಳಿದರೆ ಸಾಕು. ಒಂದು, ಗಂಟೆಗೆ ಎಷ್ಟು ಜನ ಬರುತ್ತಾರೆ? ಎರಡು, ಗಂಟೆಗೆ ಎಷ್ಟು ಜನಕ್ಕೆ ಕೊಟ್ಟು ಕಳಿಸಲು ಆಗುತ್ತದೆ?

ಒಂದು ಅಂಗಡಿಯನ್ನು ನೆನೆಸಿಕೊಳ್ಳೋಣ. ಕಾರ್ಡು ನೋಡಬೇಕು. ಯಂತ್ರದ ಮೇಲೆ ಬೆರಳು ಇಡಿಸಬೇಕು. ಅಕ್ಕಿ ತೂಗಬೇಕು. ಚೀಲಕ್ಕೆ ಸುರಿಯಬೇಕು. ಒಬ್ಬರಿಗೆ ಇಷ್ಟೆಲ್ಲಾ ಆಗಲು 6 ನಿಮಿಷ ಬೇಕು ಅಂತ ಇಟ್ಟುಕೊಳ್ಳಿ. ಆಗ ಗಂಟೆಗೆ 10 ಜನಕ್ಕೆ ಕೊಡಬಹುದು.

ಗಂಟೆಗೆ 12 ಜನ ಬಂದರೆ? ಪ್ರತಿ ಗಂಟೆಗೂ 2 ಜನ ಉಳಿಯುತ್ತಾರೆ. 4 ಗಂಟೆಯಲ್ಲಿ 8 ಜನ ಉಳಿಯುತ್ತಾರೆ. ಸಾಲು ಬೆಳೆಯುತ್ತಲೇ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಾಗುತ್ತದೆ.

ಆದರೆ ಗಂಟೆಗೆ 9 ಜನ ಮಾತ್ರ ಬಂದರೆ? 10 ಜನಕ್ಕೆ ಕೊಡುವ ಶಕ್ತಿ ಇದೆ. ಬರುವವರು 9 ಜನ. ಹಾಗಾದರೆ ಸಾಲೇ ಇರಬಾರದು, ಅಲ್ಲವೇ?

ಅಲ್ಲ. ಆಗಲೂ ಸಾಲು ಇರುತ್ತದೆ. ಅದೂ ದೊಡ್ಡ ಸಾಲು!

ಯಾಕೆ? ನಾವು ಯಾರೂ ಗಡಿಯಾರ ನೋಡಿ ಇಷ್ಟು ನಿಮಿಷಕ್ಕೆ ಒಬ್ಬರಂತೆ ಬರುವುದಿಲ್ಲ. ಒಮ್ಮೆ ನಾಲ್ಕು ಜನ ಒಟ್ಟಿಗೆ ಬರುತ್ತೇವೆ. ಆಮೇಲೆ ಕಾಲು ಗಂಟೆ ಯಾರೂ ಬರುವುದಿಲ್ಲ. ಆಗ ಅಂಗಡಿಯವರು ಸುಮ್ಮನೆ ಕೂತಿರುತ್ತಾರೆ. ಹಾಗೆ ಕೂತ ಹೊತ್ತನ್ನು ಡಬ್ಬಿಯಲ್ಲಿ ತುಂಬಿಟ್ಟು ಆಮೇಲೆ ಬಳಸಲು ಆಗುತ್ತದೆಯೇ? ಆಗುವುದಿಲ್ಲ. ಅದು ಹೋಯಿತು ಅಂದರೆ ಹೋಯಿತು.

ಇನ್ನೊಂದು ಕಾರಣವೂ ಇದೆ. ಎಲ್ಲರ ಕೆಲಸವೂ 6 ನಿಮಿಷದಲ್ಲೇ ಮುಗಿಯುವುದಿಲ್ಲ. ಒಬ್ಬರದು 3 ನಿಮಿಷದಲ್ಲಿ ಮುಗಿಯುತ್ತದೆ. ಇನ್ನೊಬ್ಬರು ಕಲ್ಲು ಹೊತ್ತವರು, ಕಳೆ ಕಿತ್ತವರು. ಅವರ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಬೇಗ ಗುರುತು ಹಿಡಿಯುವುದಿಲ್ಲ. ಅವರಿಗೆ 15 ನಿಮಿಷ ಆಗುತ್ತದೆ. ಹಿಂದಿನವರೆಲ್ಲಾ ಕಾಯಬೇಕಾಗುತ್ತದೆ.

ಕಾಯುವ ಹೊತ್ತಿನ ಲೆಕ್ಕ

ಹೀಗೆ ಹಿಂದುಮುಂದು ಆಗುವ ಕಡೆ ಎಷ್ಟು ಹೊತ್ತು ಕಾಯಬೇಕು? ಅದಕ್ಕೆ ಒಂದು ಸುಲಭ ಲೆಕ್ಕ ಇದೆ. ಕೊಡುವವರು ಒಬ್ಬರೇ ಇದ್ದಾಗ ಇದನ್ನು ಮಾಡಬಹುದು.

ಮೊದಲು, ಕೊಡಬಹುದಾದ ಸಂಖ್ಯೆಯಿಂದ ಬರುವವರ ಸಂಖ್ಯೆ ಕಳೆಯಿರಿ. ಮಿಕ್ಕಿದ್ದನ್ನು ಬರೆದಿಡಿ. ಆಮೇಲೆ, ಒಬ್ಬರಿಗೆ ಹಿಡಿಯುವ ನಿಮಿಷವನ್ನು ಬರುವವರ ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ಮಿಕ್ಕ ಸಂಖ್ಯೆಯಿಂದ ಭಾಗಿಸಿ.

9 ಜನ ಬಂದರೆ, 10ರಲ್ಲಿ 9 ಕಳೆದರೆ ಮಿಕ್ಕಿದ್ದು 1. 6 ನಿಮಿಷ ಗುಣಿಸು 9 ಅಂದರೆ 54. ಅದನ್ನು 1ರಿಂದ ಭಾಗಿಸಿದರೆ 54. ಒಬ್ಬೊಬ್ಬರೂ ಸುಮಾರು 54 ನಿಮಿಷ ಕಾಯಬೇಕು!

ಬೇರೆ ಬೇರೆ ಸಂಖ್ಯೆ ಹಾಕಿ ನೋಡೋಣ.

ಗಂಟೆಗೆ 5 ಜನ ಬಂದರೆ, ಕಾಯುವುದು 6 ನಿಮಿಷ.
ಗಂಟೆಗೆ 6 ಜನ ಬಂದರೆ, ಕಾಯುವುದು 9 ನಿಮಿಷ.
ಗಂಟೆಗೆ 8 ಜನ ಬಂದರೆ, ಕಾಯುವುದು 24 ನಿಮಿಷ.
ಗಂಟೆಗೆ 9 ಜನ ಬಂದರೆ, ಕಾಯುವುದು 54 ನಿಮಿಷ.

ಇದು ಸರಾಸರಿ ಲೆಕ್ಕ. ಸರಾಸರಿ ಅಂದರೆ ಎಲ್ಲರೂ ಕಾದ ಹೊತ್ತನ್ನು ಕೂಡಿಸಿ ಸಮನಾಗಿ ಹಂಚಿದಾಗ ಬರುವುದು. ಒಬ್ಬರು ಇನ್ನೂ ಹೆಚ್ಚು ಕಾಯಬಹುದು. ಇನ್ನೊಬ್ಬರು ಕಡಿಮೆ ಕಾಯಬಹುದು.

8 ಜನಕ್ಕೂ 9 ಜನಕ್ಕೂ ಬರೀ ಒಬ್ಬರ ವ್ಯತ್ಯಾಸ. ಆದರೆ ಕಾಯುವ ಹೊತ್ತು ಎರಡರಷ್ಟಕ್ಕಿಂತ ಹೆಚ್ಚಾಯಿತು. ಕಂಠದವರೆಗೆ ನೀರು ತುಂಬಿದ ಕೊಡ ಹೊತ್ತು ನಡೆದು ನೋಡಿ. ಒಂದು ಹೆಜ್ಜೆ ತಪ್ಪಿದರೂ ನೀರು ಚೆಲ್ಲುತ್ತದೆ. ಸ್ವಲ್ಪ ಜಾಗ ಬಿಟ್ಟು ತುಂಬಿದರೆ ಚೆಲ್ಲುವುದಿಲ್ಲ. ಅಂಗಡಿಯೂ ಹಾಗೆಯೇ. ಅದಕ್ಕೆ ಒಂದಿಷ್ಟು ಬಿಡುವು ಇರಬೇಕು.

ಈ ಲೆಕ್ಕ ಎಲ್ಲಿಂದ ಬಂತು?

ಇದು ದೂರದ ಡೆನ್ಮಾರ್ಕ್ ದೇಶದಿಂದ ಬಂದ ಲೆಕ್ಕ. ಅಲ್ಲಿ ಎರ್ಲಾಂಗ್ ಎಂಬ ಗಣಿತಗಾರ ಇದ್ದರು. ಅವರು ಹುಟ್ಟಿದ್ದು 1878ರಲ್ಲಿ. ಅವರ ತಂದೆ ಹಳ್ಳಿ ಶಾಲೆಯ ಮೇಷ್ಟ್ರು. ಎರ್ಲಾಂಗ್ 1908ರಲ್ಲಿ ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಗೆ ಕೆಲಸಕ್ಕೆ ಸೇರಿದರು.

ಆಗಿನ ಫೋನು ಈಗಿನಂತೆ ಇರಲಿಲ್ಲ. ಫೋನು ಎತ್ತಿದರೆ ಮೊದಲು ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಿದ್ದರು. ಯಾರಿಗೆ ಮಾತಾಡಬೇಕು ಎಂದು ಕೇಳಿ, ಕೈಯಿಂದಲೇ ತಂತಿ ಸಿಕ್ಕಿಸಿ ಕೊಡುತ್ತಿದ್ದರು.

ಕೂತವರು ಕಡಿಮೆ ಇದ್ದರೆ ಫೋನು ಮಾಡಿದವರು ಕಾಯಬೇಕು. ಹೆಚ್ಚು ಜನರನ್ನು ಕೂರಿಸಿದರೆ ಸಂಬಳ ಹೆಚ್ಚು ಕೊಡಬೇಕು. ಹಾಗಾದರೆ ಎಷ್ಟು ಜನ ಇರಬೇಕು? ಎಷ್ಟು ತಂತಿ ಬೇಕು? ಇದೇ ಎರ್ಲಾಂಗ್ ಅವರ ಮುಂದಿದ್ದ ಪ್ರಶ್ನೆ. 1909ರಲ್ಲಿ ಅವರು ಇದರ ಬಗ್ಗೆ ಮೊದಲ ಬರಹ ಪ್ರಕಟಿಸಿದರು. 1917ರಲ್ಲಿ ಇನ್ನೂ ಮುಂದಿನ ಲೆಕ್ಕ ಕೊಟ್ಟರು. 1929ರಲ್ಲಿ ತೀರಿಕೊಂಡರು. ಇಂದಿಗೂ ಫೋನಿನ ಮಾತುಕತೆಯ ಒತ್ತಡವನ್ನು ಅಳೆಯುವ ಅಳತೆಗೆ ಅವರ ಹೆಸರೇ ಇದೆ.

ಫೋನಿಗೆ ಹುಟ್ಟಿದ ಈ ಲೆಕ್ಕ ಆಸ್ಪತ್ರೆಗೂ ಬಂತು, ಬ್ಯಾಂಕಿಗೂ ಬಂತು. ನಮ್ಮ ರೇಷನ್ ಅಂಗಡಿಗೂ ಬರಬಹುದು.

ಎರಡು ತಟ್ಟೆಯ ತಕ್ಕಡಿ

ಸಾಲಿನಲ್ಲಿ ಎರಡು ಖರ್ಚು ಇವೆ. ಒಂದು ಕೊಡುವವರ ಖರ್ಚು. ಆಳಿನ ಸಂಬಳ, ಯಂತ್ರ, ತಕ್ಕಡಿ. ಇದು ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಇನ್ನೊಂದು ಕಾಯುವವರ ಖರ್ಚು. ನಮ್ಮ ಕೂಲಿ, ನಮ್ಮ ಕಾಲುನೋವು, ಮನೆಯಲ್ಲಿ ಬಿಟ್ಟು ಬಂದ ಕೆಲಸ. ಇದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ನಾವೇ ಬರೆದು ನೋಡೋಣ.

ಗಂಟೆಗೆ 9 ಜನ ಬರುತ್ತೇವೆ. ಒಬ್ಬೊಬ್ಬರು 54 ನಿಮಿಷ ಕಾಯುತ್ತೇವೆ. 9 ಗುಣಿಸು 54 ಅಂದರೆ 486 ನಿಮಿಷ. ಅಂದರೆ 8 ಗಂಟೆಗೂ ಹೆಚ್ಚು! ಅಂಗಡಿ ಒಂದು ಗಂಟೆ ನಡೆದರೆ ನಮ್ಮೆಲ್ಲರದ್ದೂ ಸೇರಿ 8 ಗಂಟೆ ಹೋಗುತ್ತದೆ. ಒಂದು ಗಂಟೆಯ ದುಡಿಮೆಗೆ 40 ರೂಪಾಯಿ ಅಂತ ಹಿಡಿಯಿರಿ. ಆಗ 320 ರೂಪಾಯಿಗೂ ಹೆಚ್ಚು ನಷ್ಟ.

ಈಗ ಇನ್ನೊಬ್ಬರನ್ನು, ಇನ್ನೊಂದು ಯಂತ್ರವನ್ನು ಇಟ್ಟರು ಅನ್ನಿ. ಅದಕ್ಕೆ ಗಂಟೆಗೆ 100 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳೋಣ. ಒಂದೇ ಸಾಲು, ಎರಡು ಕಡೆ ಕೊಡುವುದು. ಕಾಯುವ ಹೊತ್ತು ಎಷ್ಟಾಗುತ್ತದೆ? ಅರ್ಧ ಆಗಬಹುದು ಅಂತ ನಮಗೆ ಅನಿಸುತ್ತದೆ. ಎರ್ಲಾಂಗ್ ಅವರ ಲೆಕ್ಕ ಬೇರೆ ಹೇಳುತ್ತದೆ. 54 ನಿಮಿಷ ಇದ್ದದ್ದು ಸುಮಾರು ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ! ನಮ್ಮ ನಷ್ಟ 320 ರೂಪಾಯಿಯಿಂದ 10 ರೂಪಾಯಿಯ ಆಸುಪಾಸಿಗೆ ಬರುತ್ತದೆ. 100 ರೂಪಾಯಿ ಖರ್ಚು ಮಾಡಿದರೆ 310 ರೂಪಾಯಿ ಉಳಿಯಿತು.

"ಹಾಗಾದರೆ ಮೂರನೆಯವರನ್ನೂ ಇಡಲಿ" ಅಂತ ಕೇಳೋಣವೇ? ಬೇಡ. ಈಗ ನಮಗೆ ಆಗುತ್ತಿರುವ ನಷ್ಟವೇ 10 ರೂಪಾಯಿ. ಅದನ್ನು ಉಳಿಸಲು ಮತ್ತೆ 100 ರೂಪಾಯಿ ಸುರಿಯುವುದು ಜಾಣತನ ಅಲ್ಲ. ಗಂಟೆಗೆ 5 ಜನ ಬರುವ ದಿನ ಎರಡನೆಯವರೂ ಬೇಡ. ಆ ದಿನ ನಮ್ಮ ನಷ್ಟ 20 ರೂಪಾಯಿ ಮಾತ್ರ. ಎರಡು ಖರ್ಚನ್ನೂ ಕೂಡಿಸಿ, ಯಾವಾಗ ಮೊತ್ತ ಕಡಿಮೆಯೋ ಅದೇ ಸರಿಯಾದ ದಾರಿ.

ಹಾಗಾದರೆ ಯಾಕೆ ಎಷ್ಟೋ ಕಡೆ ಒಬ್ಬರೇ ಇರುತ್ತಾರೆ? ಆಳಿನ ಖರ್ಚು ಅಂಗಡಿಯವರ ಜೇಬಿನಿಂದ ಹೋಗುತ್ತದೆ. ಕಾಯುವ ಖರ್ಚು ನಮ್ಮ ಸೆರಗಿನ ಗಂಟಿನಿಂದ ಹೋಗುತ್ತದೆ. ತಕ್ಕಡಿಯ ಒಂದು ತಟ್ಟೆ ಮಾತ್ರ ಅವರ ಕಣ್ಣಿಗೆ ಕಾಣುತ್ತದೆ. ಇನ್ನೊಂದು ತಟ್ಟೆಯನ್ನು ನಾವೇ ತೋರಿಸಬೇಕು.

ಹೆಚ್ಚು ಖರ್ಚಿಲ್ಲದ ದಾರಿಗಳು

ಆಳು ಇಡುವುದೊಂದೇ ದಾರಿಯಲ್ಲ.

ದಿನ ಹಂಚಿಕೊಳ್ಳುವುದು. ಮೊದಲ ದಿನವೇ ಎಲ್ಲರೂ ಹೋಗುತ್ತೇವೆ. ಅಕ್ಕಿ ಮುಗಿದುಹೋದರೆ ಅನ್ನೋ ಭಯ. ಬಾಗಿಲು ತೆರೆಯುವಾಗಲೇ 30 ಜನ ನಿಂತಿದ್ದಾರೆ ಅನ್ನಿ. ಕೊನೆಯ ಅಕ್ಕನ ಮುಂದೆ 29 ಜನ. 29 ಗುಣಿಸು 6 ಅಂದರೆ 174 ನಿಮಿಷ. ಮೂರು ಗಂಟೆಗೆ 6 ನಿಮಿಷ ಕಡಿಮೆ. ಇವತ್ತು ಈ ಓಣಿ, ನಾಳೆ ಆ ಓಣಿ ಎಂದು ಹಂಚಿಕೊಂಡರೆ ಸಾಲು ಒಡೆಯುತ್ತದೆ. ಆದರೆ ನಿಮ್ಮ ಪಾಲು ನಿಮಗೆ ಇದ್ದೇ ಇರುತ್ತದೆ ಎಂದು ಅಂಗಡಿಯವರು ನಂಬಿಕೆ ಕೊಡಬೇಕು. ಇಲ್ಲದಿದ್ದರೆ ಯಾರು ತಾನೇ ನಾಳೆಗೆ ಕಾಯುತ್ತಾರೆ?

ಚೀಟಿ ಕೊಡುವುದು. ಸಂಖ್ಯೆ, ಹೊತ್ತು ಬರೆದ ಚೀಟಿ ಕೊಟ್ಟರೆ ಮನೆಗೆ ಹೋಗಿ ಬರಬಹುದು. ಬಸುರಿಯರು, ಬಾಣಂತಿಯರು, ಮುದುಕಿಯರು ನೆರಳಲ್ಲಿ ಕೂರಬಹುದು. ಕಲ್ಲು, ಚಪ್ಪಲಿ ಇಡೋದು ತಪ್ಪುತ್ತದೆ. ಜಗಳವೂ ತಪ್ಪುತ್ತದೆ.

ಒಬ್ಬರ ಮೇಲೆ ಒಂದು ನಿಮಿಷ ಉಳಿಸುವುದು. ಕಾರ್ಡು ಕೈಯಲ್ಲೇ ಇರಲಿ. ಚೀಲದ ಬಾಯಿ ತೆರೆದೇ ಇರಲಿ. ಒಬ್ಬರು ಬೆರಳು ಇಡುವಾಗಲೇ ಅವರ ಅಕ್ಕಿ ತೂಗಿ ಇಡಲಿ. ಹೀಗೆ 6 ನಿಮಿಷದ ಕೆಲಸ 5 ನಿಮಿಷಕ್ಕೆ ಬಂದರೆ? ಗಂಟೆಗೆ 12 ಜನಕ್ಕೆ ಕೊಡಬಹುದು. 9 ಜನ ಬಂದರೆ ಮಿಕ್ಕಿದ್ದು 3. 5 ಗುಣಿಸು 9 ಅಂದರೆ 45. ಭಾಗಿಸು 3 ಅಂದರೆ 15. 54 ನಿಮಿಷ ಕಾಯುವ ಕಡೆ 15 ನಿಮಿಷ ಸಾಕು! ಒಂದು ನಿಮಿಷಕ್ಕೆ ಎಷ್ಟು ಬೆಲೆ ನೋಡಿ.

ಎರಡು ಕಡೆ ಕೊಟ್ಟರೂ ಸಾಲು ಒಂದೇ ಇರಲಿ. ಎರಡು ಸಾಲು ಮಾಡಿದರೆ, ಒಂದರಲ್ಲಿ ಬೆರಳು ಸವೆದ ಅಕ್ಕ ನಿಂತಾಗ ಅವರ ಹಿಂದಿನವರೆಲ್ಲಾ ಸಿಕ್ಕಿಬೀಳುತ್ತಾರೆ. ಆ ಅಕ್ಕನನ್ನು ಬೈಯುತ್ತಾರೆ. ಒಂದೇ ಸಾಲು ಇದ್ದರೆ, ಯಾವ ಕಡೆ ಖಾಲಿಯಾಯಿತೋ ಆ ಕಡೆ ಮುಂದಿನವರು ಹೋಗುತ್ತಾರೆ. ಮೊದಲು ಬಂದವರಿಗೆ ಮೊದಲು ಸರದಿ ಸಿಗುತ್ತದೆ.

ಕೇಳುವ ಹಕ್ಕು ನಮಗಿದೆ

2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ, 18 ವರ್ಷ ತುಂಬಿದ ಹಿರಿಯ ಹೆಣ್ಣುಮಗಳೇ ರೇಷನ್ ಕಾರ್ಡಿಗೆ ಮನೆಯ ಯಜಮಾನಿ. ನ್ಯಾಯಬೆಲೆ ಅಂಗಡಿಯ ಮಟ್ಟದಲ್ಲೂ ಒಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೂ ಜಾಗ ಇರಬೇಕು ಎಂದು ಅದೇ ಕಾಯಿದೆ ಹೇಳುತ್ತದೆ.

ಆ ಸಮಿತಿಯ ಮುಂದೆ ಏನು ಹೇಳೋಣ? "ತುಂಬಾ ಹೊತ್ತು ನಿಲ್ಲಿಸ್ತಾರೆ ಸ್ವಾಮಿ" ಅಂದರೆ, "ಸ್ವಲ್ಪ ಕಾಯಬೇಕಮ್ಮ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಅದಕ್ಕೇ ಒಂದು ಕೆಲಸ ಮಾಡೋಣ. ಇಬ್ಬರು ಅಕ್ಕಂದಿರು ಒಂದು ನೋಟುಬುಕ್ಕು, ಒಂದು ಗಡಿಯಾರ ಹಿಡಿದು ಕೂರಲಿ. ಒಬ್ಬರು ಬಂದಾಗ ಹೊತ್ತು ಬರೆಯಲಿ. ಅವರ ಸರದಿ ಬಂದಾಗ ಹೊತ್ತು ಬರೆಯಲಿ. ಅಕ್ಕಿ ಪಡೆದು ಹೊರಟಾಗ ಹೊತ್ತು ಬರೆಯಲಿ. ಮೂರು ದಿನ ಹೀಗೆ ಮಾಡಿದರೆ ಸಾಕು. ಎಷ್ಟು ಜನ ಬಂದರು, ಒಬ್ಬರಿಗೆ ಎಷ್ಟು ನಿಮಿಷ ಆಯಿತು, ಎಷ್ಟು ಹೊತ್ತು ಕಾದರು, ಎಲ್ಲಾ ತಿಳಿಯುತ್ತದೆ.

ಆ ಪುಸ್ತಕ ಮುಂದಿಟ್ಟು ಮಾತಾಡೋಣ. "ಇಷ್ಟು ಜನ ಇಷ್ಟು ಗಂಟೆ ನಿಂತಿದ್ದೇವೆ. ಇಷ್ಟು ಕೂಲಿ ಹೋಗಿದೆ. ಮೊದಲ ಮೂರು ದಿನ ಮಾತ್ರ ಇನ್ನೊಬ್ಬರನ್ನು ಇಡಿ. ಓಣಿಗೆ ಒಂದು ದಿನ ಮಾಡಿ." ಹೀಗೆ ಹೇಳಿದರೆ ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಮೊದಲು ನಾವು ಕಾರ್ಡಿಗೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ನಾವೇ ಬರೆಯುತ್ತೇವೆ. ನಾವು ನಿಂತ ಹೊತ್ತನ್ನೂ ಬರೆಯೋಣ.

ಲೆಕ್ಕ ಮಾಡೋಣ, ಮಾತಾಡೋಣ

1. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಜೋಳ ಬೀಸಲು 10 ನಿಮಿಷ ಬೇಕು. ಗಂಟೆಗೆ 4 ಜನ ಬರುತ್ತಾರೆ. ಎಷ್ಟು ಹೊತ್ತು ಕಾಯಬೇಕು? 5 ಜನ ಬಂದರೆ ಎಷ್ಟು ಹೊತ್ತು? (ಉತ್ತರ: 20 ನಿಮಿಷ, 50 ನಿಮಿಷ)

2. ಹೋದ ತಿಂಗಳು ನೀವು ಎಲ್ಲೆಲ್ಲಿ ಸಾಲಿನಲ್ಲಿ ನಿಂತಿರಿ? ಒಟ್ಟು ಎಷ್ಟು ಗಂಟೆ ಆಯಿತು? ಕೂಡಿಸಿ ಬರೆಯಿರಿ.

3. ನಿಮ್ಮ ಊರಿನ ಅಂಗಡಿಯಲ್ಲಿ ಜಾಗೃತಿ ಸಮಿತಿ ಇದೆಯೇ? ಅದರಲ್ಲಿ ಯಾವ ಅಕ್ಕಂದಿರು ಇದ್ದಾರೆ? ಕೇಳಿ ತಿಳಿಯಿರಿ.